ಒಬ್ಬರೇ ರೋಗಿ, ನಾಲ್ಕು ಫೈಲು: ಚಿಕಿತ್ಸೆ ಹಂಚಿಹೋದಾಗ ದಾಖಲೆ ತಾಳೆ ಇಡುವುದು ಹೇಗೆ?

ಸಕಲೇಶಪುರದ ಕಡೆ ಎಸ್ಟೇಟ್ ರೈಟರ್ (ಲೆಕ್ಕಪತ್ರ ಬರೆಯುವವರು) ಆಗಿ ನಿವೃತ್ತರಾದ ಒಬ್ಬರಿದ್ದಾರೆ ಅಂತಿಟ್ಟುಕೊಳ್ಳಿ. ವಯಸ್ಸು ಅರವತ್ತು ದಾಟಿದೆ. ಸ್ಟೆಂಟ್ ಹಾಕಿಸಿದ್ದು ಮೈಸೂರಿನಲ್ಲಿ. ಶುಗರ್ ನೋಡುವುದು ಹಾಸನದ ಫಿಸಿಶಿಯನ್. ಜ್ವರ, ಮಂಡಿನೋವು, ಬಿಪಿಗೆ ಊರಿನ ಕ್ಲಿನಿಕ್. ಕಣ್ಣಿನ ಆಪರೇಷನ್ ಮಾತ್ರ ಮಗಳ ಮನೆಗೆ ಹೋದಾಗ ಮಂಗಳೂರಿನಲ್ಲಾಯಿತು. ಮೈಸೂರಿನ ಫೈಲಿನಲ್ಲಿ ಆಸ್ಪಿರಿನ್ 75 ಎಂದಿದೆ, ಹಾಸನದ್ದರಲ್ಲಿ 150. ಊರಿನ ಕ್ಲಿನಿಕ್ಕಿನ ಪುಸ್ತಕದಲ್ಲಿ ಆಸ್ಪಿರಿನ್ ಸುದ್ದಿಯೇ ಇಲ್ಲ, ಮಂಡಿನೋವಿಗೆ ಕೊಟ್ಟ ನೋವಿನ ಮಾತ್ರೆ ಮಾತ್ರ ಇದೆ. ಬರೆದ ದಿನಕ್ಕೆ ನಾಲ್ಕೂ ಸರಿಯೇ ಇದ್ದಿರಬಹುದು. ಇವತ್ತಿಗೆ ಯಾವುದು ಸರಿ ಅಂತ ಹೇಳಬಲ್ಲ ಕಾಗದ ಮಾತ್ರ ಎಲ್ಲೂ ಇಲ್ಲ.

ಹಾಸನ ಜಿಲ್ಲೆಯಲ್ಲಿ ಇದು ಅಪರೂಪದ ಕಥೆಯಲ್ಲ. ನಾವು ಕೂತಿರುವ ಜಾಗವೇ ಹಾಗಿದೆ. ಶಿರಾಡಿ ಇಳಿದರೆ ಮಂಗಳೂರು, ಹೊಳೆನರಸೀಪುರ ದಾಟಿದರೆ ಮೈಸೂರು, ಚನ್ನರಾಯಪಟ್ಟಣದ ದಾರಿ ಹಿಡಿದರೆ ಬೆಂಗಳೂರು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್ ನಮ್ಮೂರಲ್ಲೇ ಇದ್ದರೂ ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ನರಕ್ಕೆ ನಿಮ್ಹಾನ್ಸ್ ಅಂತ ಜನ ಹೊರಡುತ್ತಾರೆ. ಹೋಗಿ ಬಂದವರನ್ನು ನಾಳೆಯಿಂದ ನೋಡಿಕೊಳ್ಳಬೇಕಾದವರು ನಾವು.

ಇದು ಸಣ್ಣ ಕ್ಲಿನಿಕ್, ನರ್ಸಿಂಗ್ ಹೋಂ ನಡೆಸುವ ಡಾಕ್ಟರಿಗೆ ಮತ್ತು ಅಲ್ಲಿ ಕೌಂಟರಿನಲ್ಲಿ ಕೂರುವ, ಫೈಲು ತೆಗೆಯುವ, ಚೀಟಿ ಬರೆಯುವ ಸಿಬ್ಬಂದಿಗೆ. ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು. ಆದರೆ ಇಲ್ಲಿ ಹೇಳುವ ಬಹುಪಾಲು ಕೆಲಸ ಒಂದು ರೂಲ್ಡ್ ನೋಟ್‌ಬುಕ್ಕಿನಲ್ಲೂ ನಡೆಯುತ್ತದೆ. ಕಾಗದದಲ್ಲಿ ತಾಳೆ ಆಗದ್ದು ಕಂಪ್ಯೂಟರಿಗೆ ಹೋದರೆ ಇನ್ನಷ್ಟು ವೇಗವಾಗಿ ತಪ್ಪುತ್ತದೆ, ಅಷ್ಟೆ.

ಶುರು ಮಾಡುವ ಮೊದಲು: ಯಾವುದನ್ನು ಒಂದೇ ಮಾಡಬೇಕು?

ಎಲ್ಲ ಫೈಲನ್ನೂ ಒಂದೇ ಮಾಡಲು ಹೊರಟವರು ಮೂರನೇ ವಾರಕ್ಕೆ ಕೈಬಿಡುತ್ತಾರೆ. ಅದು ಬೇಕಾಗಿಯೂ ಇಲ್ಲ. ಮೈಸೂರಿನ ಆಂಜಿಯೋಗ್ರಾಮ್ ಟಿಪ್ಪಣಿ ಪೂರ್ತಿಯಾಗಿ ಊರಿನ ಕ್ಲಿನಿಕ್ಕಿನಲ್ಲಿ ಇರಬೇಕಿಲ್ಲ, ಊರಿನ ಕೆಮ್ಮು-ನೆಗಡಿಯ ಚೀಟಿ ಮೈಸೂರಿಗೆ ಹೋಗಬೇಕಿಲ್ಲ. ಎಲ್ಲ ಕಡೆಯೂ ಒಂದೇ ಮಾತು ಹೇಳಬೇಕಾದದ್ದು ಐದು ವಿಷಯ: ರೋಗಿ ಯಾರು, ಯಾವುದಕ್ಕೆ ಅಲರ್ಜಿ, ಯಾವ ಯಾವ ದೀರ್ಘಕಾಲದ ಕಾಯಿಲೆ ಮತ್ತು ಆಪರೇಷನ್, ಈಗ ನುಂಗುತ್ತಿರುವ ಮಾತ್ರೆ ಯಾವುವು, ಮುಂದೆ ಯಾರು ಯಾವಾಗ ಏನು ನೋಡಬೇಕು. ಈ ಐದು ಒಂದು ಪುಟದಲ್ಲಿ ಹಿಡಿಯುತ್ತವೆ. ತಾಳೆ ಇಡಬೇಕಾದದ್ದು ಆ ಪುಟವನ್ನು. ಉಳಿದ ಫೈಲು ಅವರವರದ್ದು ಅವರವರ ಹತ್ತಿರ ಇರಲಿ.

ಹಂತ 1: ಒಂದು ವಿಷಯಕ್ಕೆ ಒಬ್ಬರೇ ಯಜಮಾನರು

ರೋಗಿಯನ್ನು ಯಾರು ಯಾರು ನೋಡುತ್ತಿದ್ದಾರೆ ಎಂದು ಮೊದಲು ಪಟ್ಟಿ ಮಾಡಿ. ಡಾಕ್ಟರಷ್ಟೇ ಅಲ್ಲ, ಕಾಯಂ ಲ್ಯಾಬ್, ಕಾಯಂ ಮೆಡಿಕಲ್ ಶಾಪ್, ಆಶಾ ಕಾರ್ಯಕರ್ತೆ ಕೂಡ. ಅವರಲ್ಲಿ ಒಂದು ಕ್ಲಿನಿಕ್ ‘ಮನೆ ಕ್ಲಿನಿಕ್’ ಆಗಲಿ. ದೊಡ್ಡ ಡಾಕ್ಟರೇ ಆಗಬೇಕೆಂದಿಲ್ಲ. ರೋಗಿ ನಡೆದುಕೊಂಡು ಬರುವಷ್ಟು ಹತ್ತಿರ ಇರುವವರೇ ಈ ಕೆಲಸಕ್ಕೆ ಸರಿ. ಒಂದು ಪುಟದ ಸಾರಾಂಶದ ಅಸಲು ಪ್ರತಿ ಅವರ ಬಳಿ.

ಆಮೇಲೆ ಯಾವುದನ್ನು ಬದಲಿಸುವ ಹಕ್ಕು ಯಾರದ್ದು ಅಂತ ಬರೆಯಿರಿ. ರಕ್ತ ತೆಳು ಮಾಡುವ ಮಾತ್ರೆ ಹೃದಯದ ಡಾಕ್ಟರದ್ದು, ಇನ್ಸುಲಿನ್ ಪ್ರಮಾಣ ಫಿಸಿಶಿಯನ್ನರದ್ದು, ವಿಳಾಸ-ಫೋನ್ ಮನೆ ಕ್ಲಿನಿಕ್ಕಿನದ್ದು. ಬೇರೆಯವರಿಗೆ ಬದಲಿಸಬೇಕು ಅನ್ನಿಸಿದರೆ ಯಜಮಾನರಿಗೆ ಫೋನ್ ಮಾಡಿ ಕೇಳಬೇಕು. ತುರ್ತಿದ್ದರೆ ಬದಲಿಸಿ, ಅದೇ ದಿನ ತಿಳಿಸಬೇಕು. ಅಲರ್ಜಿಗೆ ಮಾತ್ರ ಬೇರೆ ನಿಯಮ: ಸೇರಿಸಲು ಯಾರಿಗೂ ಹಕ್ಕುಂಟು, ತೆಗೆಯಲು ಅದರ ಯಜಮಾನರೊಬ್ಬರಿಗೆ ಮಾತ್ರ, ಅದೂ ಕಾರಣ ಬರೆದು.

ಈ ಒಂದು ಹಂತ ಮಾಡದೆ ಮುಂದಿನದ್ದೆಲ್ಲ ಮಾಡಿದರೂ ಫೈಲುಗಳು ಆರು ತಿಂಗಳಲ್ಲಿ ಮತ್ತೆ ಬೇರೆ ಬೇರೆ ಮಾತಾಡುತ್ತವೆ. ಯಾಕೆಂದರೆ ಎಲ್ಲರೂ ತಿದ್ದುತ್ತಾರೆ, ಯಾರೂ ಹೇಳುವುದಿಲ್ಲ.

ಹಂತ 2: ರೋಗಿ ಇವರೇನಾ?

ಹಾಸನದ ಯಾವುದೇ ರಿಜಿಸ್ಟರ್ ತೆರೆದು ‘ಜಯಮ್ಮ’ ಅಂತ ಹುಡುಕಿ. ಪುಟಗಟ್ಟಲೆ ಸಿಗುತ್ತಾರೆ. ವಯಸ್ಸು ಎಲ್ಲರದ್ದೂ ಅಂದಾಜಿನದ್ದು: ಐವತ್ತೈದು, ಅರವತ್ತು, ಅರವತ್ತೈದು. ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುವ ಹಿರಿಯರು ಎಷ್ಟೋ ಜನ. ಫೋನ್ ನಂಬರ್ ಮಗನದ್ದು, ಮುಂದಿನ ಸಲ ಸೊಸೆಯದ್ದು, ಅದರ ಮುಂದಿನ ಸಲ ಕರೆದುಕೊಂಡು ಬಂದ ಆಟೋದವನದ್ದು. ಹೆಣ್ಣುಮಕ್ಕಳಿಗೆ ಒಂದು ಕಡೆ ಅಪ್ಪನ ಹೆಸರಿನ ಇನಿಷಿಯಲ್, ಇನ್ನೊಂದು ಕಡೆ ಗಂಡನ ಹೆಸರಿನದ್ದು. ಕಂಪ್ಯೂಟರಿಗೆ ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಒಬ್ಬರು ಲಕ್ಷ್ಮಿಗೆ ಎಕ್ಸ್ ಹಾಕುತ್ತಾರೆ, ಇನ್ನೊಬ್ಬರು ಕೆ-ಎಸ್-ಎಚ್. ಮಂಜುನಾಥನ ಕೊನೆಗೆ ಒಂದು ಎ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಕಂಪ್ಯೂಟರಿಗೆ ಮಾತ್ರ ಅವರು ಇಬ್ಬರು.

ನಮ್ಮ ಕಂದಾಯದ ಕಾಗದಗಳಲ್ಲಿ ಇದಕ್ಕೆ ಹಳೆಯ ಉಪಾಯವಿದೆ: ಬಿನ್ (ಇಂಥವರ ಮಗ), ಕೋಂ (ಇಂಥವರ ಹೆಂಡತಿ). ‘ಜಯಮ್ಮ ಕೋಂ ನಂಜೇಗೌಡ, ಇಂಥ ಹಳ್ಳಿ’ ಅಂದರೆ ನೂರು ಜಯಮ್ಮಂದಿರಲ್ಲಿ ತೊಂಬತ್ತೆಂಟು ಜನ ಬೇರೆಯಾಗಿಬಿಡುತ್ತಾರೆ. ಕ್ಲಿನಿಕ್ ಫೈಲಿಗೂ ಅದನ್ನೇ ತನ್ನಿ. ಆಧಾರಿನಲ್ಲಿರುವ ಹೆಸರು ಅದೇ ಅಕ್ಷರಗಳಲ್ಲಿ, ತಂದೆ ಅಥವಾ ಗಂಡನ ಹೆಸರು, ಹಳ್ಳಿ ಮತ್ತು ತಾಲ್ಲೂಕು, ಹುಟ್ಟಿದ ವರ್ಷ, ಎರಡು ಫೋನ್ ನಂಬರ್ ಮತ್ತು ಅವು ಯಾರವು ಎಂಬುದು. ‘ವಯಸ್ಸು 60’ ಅಂತ ಬರೆಯಬೇಡಿ, ಹುಟ್ಟಿದ ವರ್ಷ ಬರೆಯಿರಿ. ವಯಸ್ಸು ಪ್ರತಿ ವರ್ಷ ಸುಳ್ಳಾಗುತ್ತದೆ.

ಎಸ್ಟೇಟ್ ಕೆಲಸಕ್ಕೆ ಹೊರ ರಾಜ್ಯದಿಂದ ಬಂದವರಿಗೆ ಹೆಸರು ಕೇಳಿ ಕೇಳಿದ ಹಾಗೆ ಬರೆಯುವುದು ನಮ್ಮ ಕಡೆ ಸಾಮಾನ್ಯ. ಅದನ್ನು ನಿಲ್ಲಿಸಿ. ಗುರುತಿನ ಚೀಟಿ ನೋಡಿಯೇ ಬರೆಯಿರಿ, ಜೊತೆಗೆ ಎಸ್ಟೇಟಿನ ಹೆಸರು ಹಾಕಿ. ಎಸ್ಟೇಟ್ ಬದಲಾದರೆ ಹಳೆಯದನ್ನು ಅಳಿಸದೆ ಕೆಳಗೆ ಹೊಸದನ್ನು ಬರೆಯಿರಿ.

ಫೈಲು ತೆಗೆಯುವಾಗ ಕನಿಷ್ಠ ಎರಡು ಗುರುತು ಹೊಂದಬೇಕು, ಮತ್ತು ರೋಗಿಯ ಬಾಯಲ್ಲೇ ಹೇಳಿಸಬೇಕು. ‘ನೀವು ಜಯಮ್ಮ ಅಲ್ವಾ?’ ಅಂದರೆ ಕಿವಿ ಮಂದ ಇರುವವರು ಹೂಂ ಅನ್ನುತ್ತಾರೆ. ‘ನಿಮ್ಮ ಹೆಸರೇನಮ್ಮ, ಯಾವ ಊರು?’ ಅಂತ ಕೇಳಿ.

ಒಬ್ಬರಿಗೇ ಎರಡು ಫೈಲು ಇರುವುದು ಕಂಡುಬಂದರೆ ಅವಸರದಲ್ಲಿ ಒಂದು ಮಾಡಬೇಡಿ. ಒಬ್ಬರ ದಾಖಲೆ ಎರಡು ಕಡೆ ಇದ್ದರೆ ತೊಂದರೆ ಅಷ್ಟಕ್ಕಷ್ಟೇ. ಇಬ್ಬರ ದಾಖಲೆ ಒಂದರಲ್ಲಿ ಸೇರಿಬಿಟ್ಟರೆ ಯಾರ ರಕ್ತದ ಗುಂಪು ಯಾರದ್ದು ಅಂತ ಬಿಡಿಸುವುದು ಬಹಳ ಕಷ್ಟ. ಹೆಸರು ಮತ್ತು ವಯಸ್ಸು ಮಾತ್ರ ಹೊಂದಿದರೆ ಸೇರಿಸಲೇಬೇಡಿ.

ಹಂತ 3: ಒಂದು ಪುಟದ ಸಾರಾಂಶ

ಮೇಲಿನ ರೈಟರ್ ಅವರ ಪುಟ ಹೀಗಿರಬಹುದು. ಉದಾಹರಣೆಗಾಗಿ ಬರೆದದ್ದು:

*ಅಲರ್ಜಿ: ಪೆನಿಸಿಲಿನ್. 2011ರಲ್ಲಿ ಇಂಜೆಕ್ಷನ್ ಆದಮೇಲೆ ಮೈಯೆಲ್ಲ ದದ್ದು, ಉಸಿರು ಕಟ್ಟಿತ್ತು. ಹೇಳಿದವರು: ಪತ್ನಿ.*
*ಕಾಯಿಲೆ: ಸಕ್ಕರೆ ಕಾಯಿಲೆ 2009ರಿಂದ. ಬಿಪಿ 2014ರಿಂದ. ಹೃದಯಾಘಾತ, ಒಂದು ಸ್ಟೆಂಟ್, ಮಾರ್ಚ್ 2025, ಮೈಸೂರು.*
*ಔಷಧಿ: ಹಿಂಬದಿಯಲ್ಲಿ. ಕೊನೆಯ ಸಲ ಶೀಟು ನೋಡಿ ತಾಳೆ ಮಾಡಿದ್ದು: 12-08-2025.*
*ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) 1.4 ಮಿ.ಗ್ರಾಂ/ಡಿಎಲ್, 04-08-2025, ಹಾಸನದ ಲ್ಯಾಬ್.*
*ಮುಂದೆ: ಮೈಸೂರಿನಲ್ಲಿ ಎಕೋ, ಸೆಪ್ಟೆಂಬರ್. ಕ್ಲೊಪಿಡೊಗ್ರೆಲ್ (ರಕ್ತ ತೆಳು ಮಾಡುವ ಮಾತ್ರೆ) ನಿಲ್ಲಿಸುವ ತೀರ್ಮಾನ ಮಾರ್ಚ್ 2026ಕ್ಕೆ, ಹೃದಯದ ಡಾಕ್ಟರದ್ದೇ.*

ಪ್ರತಿ ಸಾಲಿನಲ್ಲಿ ದಿನಾಂಕವಿದೆ, ಎಲ್ಲಿಂದ ಬಂತು ಅಂತಿದೆ. ಈ ಎರಡು ಇಲ್ಲದ ಸಾಲು ಬರೆಯಬೇಡಿ. ಅಲರ್ಜಿಯ ಮುಂದೆ ಬರೀ ‘ಪೆನಿಸಿಲಿನ್’ ಅಂತ ಬರೆದರೆ ಸಾಲದು, ಏನಾಗಿತ್ತು ಅನ್ನುವುದು ಬೇಕು. ಹೊಟ್ಟೆ ತೊಳಸಿದ್ದನ್ನೂ ಜನ ಅಲರ್ಜಿ ಅನ್ನುತ್ತಾರೆ, ಉಸಿರು ನಿಂತದ್ದನ್ನೂ ಅಲರ್ಜಿ ಅನ್ನುತ್ತಾರೆ. ಅಲರ್ಜಿ ಇಲ್ಲದಿದ್ದರೆ ಜಾಗ ಖಾಲಿ ಬಿಡಬಾರದು. ‘ಕೇಳಿದೆ, ಇಲ್ಲ ಅಂದರು’ ಅಂತ ದಿನಾಂಕ ಹಾಕಿ ಬರೆಯಬೇಕು. ಖಾಲಿ ಜಾಗ ಅಂದರೆ ಕೇಳಿಲ್ಲ ಅಂತಲೇ ಮುಂದಿನವರು ತಿಳಿಯಬೇಕು.

ಭಾಷೆ ಯಾವುದು? ಔಷಧಿಯ ಹೆಸರು ಮತ್ತು ಕಾಯಿಲೆಯ ಹೆಸರು ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ, ರೋಗಿಗೆ ಹೇಳುವ ಮಾತು ಕನ್ನಡದಲ್ಲಿ. ಈ ಪುಟ ಬೆಂಗಳೂರಿನ ಡ್ಯೂಟಿ ಡಾಕ್ಟರ ಕೈಗೂ ಹೋಗುತ್ತದೆ, ರಾತ್ರಿ ಮಾತ್ರೆ ಕೊಡುವ ಸೊಸೆಯ ಕೈಗೂ ಹೋಗುತ್ತದೆ.

ಹಂತ 4: ಮಾತ್ರೆಗಳ ಲೆಕ್ಕ

ಇಲ್ಲಿ ನಿಧಾನಿಸಬೇಕು. ಫೈಲುಗಳ ನಡುವಿನ ವ್ಯತ್ಯಾಸ ರೋಗಿಯ ಮೈಗೆ ಮುಟ್ಟುವುದು ಇಲ್ಲೇ.

ಚೀಟಿ ನೋಡಿ ಪಟ್ಟಿ ಮಾಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಿಸಿ: ಸ್ಕ್ಯಾನಿಂಗ್ ಸೆಂಟರಿನ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಟ್ಟದ್ದು, ಡಬ್ಬಿಯಲ್ಲಿರುವುದು, ಖಾಲಿ ಶೀಟು, ಅರ್ಧ ಶೀಟು, ಸಿರಪ್, ಕಣ್ಣಿನ ಡ್ರಾಪ್ಸ್, ಇನ್ಸುಲಿನ್, ಆಯುರ್ವೇದದ ಚೂರ್ಣ, ನಾಟಿ ಔಷಧಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ. ಟೇಬಲ್ ಮೇಲೆ ಹರಡಿ ಒಂದೊಂದಾಗಿ ಕೇಳಿ: ಇದನ್ನು ನುಂಗ್ತೀರಾ, ಯಾವಾಗ, ಎಷ್ಟು? ಚೀಟಿಯಲ್ಲಿದ್ದು ನುಂಗದೇ ಇರುವುದೂ ಗೊತ್ತಾಗುತ್ತದೆ, ಚೀಟಿಯಲ್ಲಿಲ್ಲದೆ ನುಂಗುತ್ತಿರುವುದೂ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಜೆನರಿಕ್ ಹೆಸರು (ಔಷಧಿಯ ಮೂಲ ಹೆಸರು) ಮೊದಲು, ಬ್ರಾಂಡ್ ಆಮೇಲೆ. ವೈದ್ಯರ ವೃತ್ತಿ ನಡತೆಯ ನಿಯಮವೂ ಜೆನರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕೆನ್ನುತ್ತದೆ. ಆದರೆ ಇಲ್ಲಿ ಅದಕ್ಕಿಂತ ಒರಟಾದ ಕಾರಣವಿದೆ. ಎಲ್ಟ್ರಾಕ್ಸಿನ್ ಮತ್ತು ಥೈರೋನಾರ್ಮ್ ಎರಡೂ ಥೈರಾಯ್ಡಿನ ಲೆವೊಥೈರಾಕ್ಸಿನ್. ಹಾಸನದಲ್ಲಿ ಒಂದು ಬರೆದು, ಬೆಂಗಳೂರಿನಲ್ಲಿ ಇನ್ನೊಂದು ಬರೆದರೆ, ರೋಗಿ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಾರೆ. ಬಿಪಿಯ ಟೆಲ್ಮಿಸಾರ್ಟನ್ ಕೂಡ ಹಾಗೆಯೇ, ಡಜನ್‌ಗಟ್ಟಲೆ ಹೆಸರಿನಲ್ಲಿ ಸಿಗುತ್ತದೆ. ಇನ್ನೂ ಅಪಾಯದ್ದು ವಾರ್ಫರಿನ್ ಮತ್ತು ಅಸಿಟ್ರೋಮ್. ಅಸಿಟ್ರೋಮ್ ಅಂದರೆ ಅಸೆನೊಕುಮರಾಲ್, ವಾರ್ಫರಿನ್ ಅಲ್ಲ, ಪ್ರಮಾಣವೂ ಬೇರೆ. ಕೆಲಸ ಮಾತ್ರ ಎರಡರದ್ದೂ ಒಂದೇ, ರಕ್ತ ತೆಳು ಮಾಡುವುದು. ಎರಡು ಫೈಲಿನಲ್ಲಿ ಒಂದೊಂದು ಇದ್ದು ಎರಡನ್ನೂ ನುಂಗಿದರೆ ರಕ್ತಸ್ರಾವ ಆಗಬಹುದು. ವಾಲ್ವ್ ಆಪರೇಷನ್ ಆದವರ ಪುಟದಲ್ಲಿ ಯಾವ ಔಷಧಿ, ಕೊನೆಯ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎನ್ನುವ ಪರೀಕ್ಷೆ) ಎಷ್ಟು, ಯಾವತ್ತು, ಎಷ್ಟಿರಬೇಕೆಂದು ಹೃದಯದ ಡಾಕ್ಟರು ಹೇಳಿದ್ದಾರೆ, ಈ ನಾಲ್ಕೂ ಇರಲೇಬೇಕು.

ಮೆಥೊಟ್ರೆಕ್ಸೇಟ್ ಬಗ್ಗೆ ಬೇರೆಯೇ ಎಚ್ಚರ. ಸಂಧಿವಾತಕ್ಕೆ ಅದನ್ನು ವಾರಕ್ಕೊಂದು ದಿನ ಮಾತ್ರ ಕೊಡುತ್ತಾರೆ. ಒಂದು ಫೈಲಿನಿಂದ ಇನ್ನೊಂದಕ್ಕೆ ನಕಲು ಮಾಡುವವರು ಅಭ್ಯಾಸಬಲದಿಂದ ‘1-0-0’ (ಬೆಳಿಗ್ಗೆ ಒಂದು) ಅಂತ ಬರೆದರೆ ದಿನಾ ಒಂದಾಗುತ್ತದೆ, ಅದು ಪ್ರಾಣಕ್ಕೇ ಕುತ್ತು. ‘ಭಾನುವಾರ ಮಾತ್ರ’ ಅಂತ ವಾರದ ಹೆಸರು ಹಾಕಿ ಬರೆಯಿರಿ.

ಇನ್ಸುಲಿನ್ ವಯಲ್ ನಮ್ಮಲ್ಲಿ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದ್ದು, ಪೆನ್ನಿನದ್ದು 100 ಯೂನಿಟ್‌ನದ್ದು. ಸಿರಿಂಜೂ ಎರಡು ಬಗೆ, ಮುಚ್ಚಳದ ಬಣ್ಣ ಸಾಮಾನ್ಯವಾಗಿ ಕೆಂಪು ಮತ್ತು ಕಿತ್ತಳೆ. ಆದ್ದರಿಂದ ‘ಇನ್ಸುಲಿನ್ 20’ ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಇನ್ಸುಲಿನ್, ವಯಲೋ ಪೆನ್ನೋ, ಎಷ್ಟು ಯೂನಿಟ್, ಯಾವ ಊಟಕ್ಕೆ ಮೊದಲು ಅಂತ ಪೂರ್ತಿ ಬರೆಯಿರಿ. ಯೂನಿಟ್ ಅನ್ನುವುದಕ್ಕೆ ಒಂಟಿ ಯು ಅಕ್ಷರ ಹಾಕಬೇಡಿ. ಕೈಬರಹದಲ್ಲಿ ಅದು ಸೊನ್ನೆಯಾಗಿ, 10 ಯೂನಿಟ್ ನೂರಾಗುತ್ತದೆ. ದಿನಕ್ಕೊಂದು ಸಲ ಅನ್ನಲು ‘ಓಡಿ’ ಎಂದು ಬರೆಯುವ ಅಭ್ಯಾಸ ಬಿಡಿ, ಕಣ್ಣಿನ ಡಾಕ್ಟರಿಗೆ ಅದು ಬಲಗಣ್ಣು.

ಯಾವುದೇ ಕಡೆಯಿಂದ ರೋಗಿ ವಾಪಸ್ ಬಂದಾಗ ಪಟ್ಟಿಯ ಪ್ರತಿ ಔಷಧಿಯ ಮುಂದೆ ನಾಲ್ಕರಲ್ಲಿ ಒಂದು ಮಾತು ಬೀಳಬೇಕು: ಮುಂದುವರಿದಿದೆ, ಬದಲಾಗಿದೆ, ನಿಂತಿದೆ, ಹೊಸದು. ನಿಂತದ್ದಕ್ಕೆ ಕಾರಣ ಬೇಕೇ ಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಔಷಧಿ ಕಾಣದಿದ್ದರೆ ‘ನಿಲ್ಲಿಸಿದ್ದಾರೆ’ ಅಂತ ಊಹಿಸಬಾರದು. ಅಲ್ಲಿನವರಿಗೆ ಅದು ಗೊತ್ತೇ ಇರಲಿಲ್ಲವೇನೋ. ಫೋನ್ ಮಾಡಿ ಕೇಳುವುದು ಹತ್ತು ನಿಮಿಷದ ಕಿರಿಕಿರಿ, ನಿಜ. ಆದರೂ ಮಾಡಿ.

ಕೊನೆಯ ದಿನ ಇರುವ ಔಷಧಿಗೆ ಕೊನೆಯ ದಿನ ಬರೆಯಿರಿ. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ ಮೇಲೆ ಎರಡು ಬಗೆಯ ರಕ್ತ ತೆಳು ಮಾಡುವ ಮಾತ್ರೆಯನ್ನು ಸಾಮಾನ್ಯವಾಗಿ ವರ್ಷದ ಮಟ್ಟಿಗೆ ಕೊಡುತ್ತಾರೆ. ಆಮೇಲೆ ಏನು ಅನ್ನುವುದನ್ನು ಹೃದಯದ ಡಾಕ್ಟರು ಹೇಳಬೇಕು. ದಿನಾಂಕ ಇಲ್ಲದಿದ್ದರೆ ಐದು ವರ್ಷವಾದರೂ ಅದೇ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳುತ್ತಿರುತ್ತಾರೆ. ಇಲ್ಲವೇ ಹಲ್ಲು ಕೀಳಿಸಲು ಹೋದಲ್ಲಿ ಯಾರೋ ನಿಲ್ಲಿಸಿ ಎಂದದ್ದಕ್ಕೆ ಎರಡನೇ ತಿಂಗಳಲ್ಲೇ ಬಿಟ್ಟಿರುತ್ತಾರೆ.

ಹಂತ 5: ಲ್ಯಾಬ್ ರಿಪೋರ್ಟು, ಇಸಿಜಿ, ಫಿಲ್ಮು

ಸಂಖ್ಯೆಯನ್ನು ಸಾರಾಂಶಕ್ಕೆ ಇಳಿಸುವಾಗ ಅದರ ಜೊತೆ ಮಾಪನ, ದಿನಾಂಕ, ಲ್ಯಾಬ್ ಇಳಿಯಬೇಕು. ಸಕ್ಕರೆಗಾದರೆ ಖಾಲಿ ಹೊಟ್ಟೆಯೋ ಊಟದ ನಂತರವೋ ಅನ್ನುವುದೂ ಬೇಕು. ಇಲ್ಲಿಯ ಲ್ಯಾಬ್‌ಗಳು ಮಿ.ಗ್ರಾಂ/ಡಿಎಲ್‌ನಲ್ಲಿ ಕೊಡುತ್ತವೆ. ಹೊರದೇಶದಲ್ಲಿದ್ದು ಬಂದವರ ರಿಪೋರ್ಟಿನಲ್ಲಿ ಸಕ್ಕರೆ 7 ಎಂದಿದ್ದರೆ ಗಾಬರಿಯಾಗಬೇಡಿ, ಅದು ಮಿಲಿಮೋಲ್. 18ರಿಂದ ಗುಣಿಸಿದರೆ 126. ಕ್ರಿಯಾಟಿನಿನ್ 106 ಎಂದಿದ್ದರೆ ಅದು ಮೈಕ್ರೋಮೋಲ್, 88.4ರಿಂದ ಭಾಗಿಸಿ, 1.2. ಪರಿವರ್ತಿಸಿ ಬರೆದಾಗ ಮೂಲ ಸಂಖ್ಯೆಯನ್ನೂ ಪಕ್ಕದಲ್ಲಿ ಉಳಿಸಿ.

2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ರಾಜ್ಯವೆಲ್ಲ ಹಬ್ಬಿ, ಸರ್ಕಾರ ತಜ್ಞರ ಸಮಿತಿ ಮಾಡಿ, ಜನ ಮೈಸೂರು-ಬೆಂಗಳೂರಿನ ಜಯದೇವಕ್ಕೆ ಮುಗಿಬಿದ್ದದ್ದು ಎಲ್ಲರಿಗೂ ನೆನಪಿದೆ. ಆಗ ಇಸಿಜಿ ತೆಗೆಸಿಕೊಂಡವರ ಆ ಕಾಗದ ಈಗ ಎಲ್ಲಿದೆ? ಏನೂ ತೊಂದರೆಯಿಲ್ಲದ ದಿನ ತೆಗೆದ ಇಸಿಜಿಗೆ ದೊಡ್ಡ ಬೆಲೆಯಿದೆ. ನಾಳೆ ಎದೆನೋವು ಅಂತ ಬಂದಾಗ ‘ಈ ಬದಲಾವಣೆ ಹೊಸದೋ ಹಳೆಯದೋ’ ಅನ್ನುವುದಕ್ಕೆ ಹೋಲಿಸಲು ಅದೊಂದೇ ಇರುವುದು. ಆದರೆ ಇಸಿಜಿ ಪಟ್ಟಿ ಥರ್ಮಲ್ ಕಾಗದದ್ದಾದರೆ ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ, ಸ್ಯಾನಿಟೈಸರ್ ಕೈಗೆ ಕೆಟ್ಟು ಓದಲಾಗದಂತಾಗಿಬಿಡುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿ, ಅಥವಾ ಚಪ್ಪಟೆಯಾಗಿ ಹಾಸಿ ಹೆಸರು-ದಿನಾಂಕ ಕಾಣುವಂತೆ ಫೋಟೋ ತೆಗೆಯಿರಿ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಎಕ್ಸ್‌ರೇ ಫಿಲ್ಮಿಗೂ ಬೂಷ್ಟು ಹಿಡಿಯುತ್ತದೆ. ಫಿಲ್ಮಿಗಿಂತ ಅದರ ಬರಹದ ರಿಪೋರ್ಟು ಜೋಪಾನ.

ಹಂತ 6: ಕಳಿಸುವಾಗ, ಬರುವಾಗ

‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಅನ್ನುವ ಒಂದು ಸಾಲಿನ ರೆಫರೆನ್ಸ್ ಚೀಟಿ ಬರೆದು ಕೈ ತೊಳೆದುಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಬದಲು ಯಾಕೆ ಕಳಿಸುತ್ತಿದ್ದೇವೆ, ಏನು ಉತ್ತರ ಬೇಕು, ಇಲ್ಲಿ ಏನು ಕೊಟ್ಟಾಗಿದೆ ಮತ್ತು ಎಷ್ಟು ಗಂಟೆಗೆ, ವಾಪಸ್ ಬಂದಮೇಲೆ ಯಾರು ನೋಡುತ್ತಾರೆ, ನಮ್ಮ ಕ್ಲಿನಿಕ್ಕಿನ ಫೋನ್ ಯಾವುದು ಅಂತ ಬರೆದು, ಸಾರಾಂಶದ ಜೆರಾಕ್ಸ್ ಪಿನ್ ಮಾಡಿ. ಆಂಬ್ಯುಲೆನ್ಸಿನಲ್ಲಿ ಹೋಗುವವರಿಗೆ ಇದರ ಮೇಲೊಂದು ಫೋನ್ ಕರೆ.

ಕಳಿಸಿದವರೆಲ್ಲರ ಹೆಸರು ‘ಹೋದವರ ಪುಸ್ತಕ’ ಅಂತ ಒಂದು ಪುಸ್ತಕದಲ್ಲಿ ಇರಲಿ: ಯಾವತ್ತು ಹೋದರು, ಎಲ್ಲಿಗೆ, ಡಿಸ್ಚಾರ್ಜ್ ಸಮ್ಮರಿ ಬಂತಾ, ಸಾರಾಂಶ ತಿದ್ದಾಯಿತಾ. ಶನಿವಾರ ಮಧ್ಯಾಹ್ನ ಹೇಗೂ ಜನ ಕಡಿಮೆ. ಕೊನೆಯ ಎರಡು ಕಾಲಂ ಖಾಲಿ ಇರುವವರ ಮನೆಗೆ ಆಗ ಫೋನ್ ಮಾಡಿ.

ಸಮ್ಮರಿ ಬಂದಾಗ ಕೊನೆಯ ಪುಟ ಇದೆಯಾ ನೋಡಿ. ವಾಟ್ಸಾಪಿನಲ್ಲಿ ಬರುವ ಫೋಟೋದಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಅದೇ ಪುಟ, ಔಷಧಿ ಇರುವುದೂ ಅದರಲ್ಲೇ. ‘ರಿಪೋರ್ಟ್ ಬರಬೇಕು’ ಎಂದು ಬರೆದ ಪರೀಕ್ಷೆ ಇದೆಯಾ ನೋಡಿ. ಬಯಾಪ್ಸಿ ಫಲಿತಾಂಶ ಆಸ್ಪತ್ರೆಗೆ ಬಂದು ಅಲ್ಲೇ ಉಳಿದು, ರೋಗಿ ಊರಿಗೆ ಬಂದು ಇಲ್ಲೇ ಉಳಿಯುವುದು ಈ ಸಾಲನ್ನು ಯಾರೂ ಓದದೇ ಹೋದಾಗ.

ಕೇಳಲು ಹಿಂಜರಿಕೆ ಬೇಡ. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳಲ್ಲೇ ಇದೆ. ಒಳರೋಗಿಗಳ ದಾಖಲೆಯನ್ನು ಕನಿಷ್ಠ 3 ವರ್ಷ ಇಡಬೇಕೆಂದೂ ಇದೆ. ಹಾಗಾಗಿ ಹಳೆಯ ಸಮ್ಮರಿ ಬೇಕಿದ್ದರೆ ಈಗಲೇ ಕೇಳಿ, ಆರನೇ ವರ್ಷದಲ್ಲಿ ಅಲ್ಲ.

ಹಂತ 7: ಆಭಾ ಮತ್ತು ವಾಟ್ಸಾಪ್

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರ್ 27ರಂದು. ಅದರಡಿ ಸಿಗುವ ಆಭಾ ಅನ್ನುವ ಆರೋಗ್ಯ ಗುರುತಿನ ಸಂಖ್ಯೆ 14 ಅಂಕಿಯದ್ದು. ಇದರ ಬಗ್ಗೆ ಜನರಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, ಇದು ಚಿಕಿತ್ಸೆಯ ಖರ್ಚು ಕೊಡುವ ಆಯುಷ್ಮಾನ್ ಕಾರ್ಡ್ ಅಂತ. ಅಲ್ಲ, ಆ ಯೋಜನೆ ಬೇರೆ. ಇನ್ನೊಂದು, ಆಭಾ ಮಾಡಿಸಿದರೆ ರಿಪೋರ್ಟೆಲ್ಲ ದಿಲ್ಲಿಯ ಕಂಪ್ಯೂಟರಿನಲ್ಲಿ ಕೂತುಬಿಡುತ್ತದೆ ಅಂತ. ಅದೂ ಅಲ್ಲ. ದಾಖಲೆ ಎಲ್ಲಿ ಹುಟ್ಟಿತೋ ಆ ಆಸ್ಪತ್ರೆಯಲ್ಲೇ ಇರುತ್ತದೆ. ಆ ಆಸ್ಪತ್ರೆ ಅದನ್ನು ಆಭಾಗೆ ಜೋಡಿಸಿದ್ದರೆ ರೋಗಿ ತನ್ನ ಆ್ಯಪ್‌ನಲ್ಲಿ ನೋಡಬಹುದು. ಬೇರೆ ಡಾಕ್ಟರು ನೋಡಬೇಕಾದರೆ ರೋಗಿ ಒಪ್ಪಿಗೆ ಕೊಡಬೇಕು, ಯಾವ ದಾಖಲೆ, ಎಷ್ಟು ದಿನಕ್ಕೆ ಅಂತ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂ ಬರುತ್ತದೆ.

ಗುರುತಿನ ಮಟ್ಟಿಗೆ ಇದು ನಿಜಕ್ಕೂ ಉಪಯೋಗಿ. ಹೆಸರಿನ ಅಕ್ಷರ ಹೇಗಿದ್ದರೂ 14 ಅಂಕಿ ಸುಳ್ಳಾಡುವುದಿಲ್ಲ. ಹಾಗಾಗಿ ಸಾರಾಂಶದ ತಲೆಯ ಮೇಲೆ ಅದನ್ನು ಬರೆಯಿರಿ, ಆದರೆ ಮಾಡಿಸಲೇಬೇಕೆಂದು ಯಾರನ್ನೂ ಬಲವಂತಪಡಿಸಬೇಡಿ, ಅದು ಐಚ್ಛಿಕ. ತಾಳೆ ಮಾಡುವ ಕೆಲಸ ಮಾತ್ರ ಆಭಾ ಮಾಡುವುದಿಲ್ಲ. ಮೂರು ಆಸ್ಪತ್ರೆಯ ಮೂರು ಪಟ್ಟಿಯನ್ನು ಪಕ್ಕಪಕ್ಕ ತೋರಿಸುತ್ತದೆ, ಯಾವುದು ಈಗಿನದು ಎಂದು ಹೇಳುವುದು ಹಂತ 4ರ ಕೆಲಸವೇ.

ವಾಟ್ಸಾಪ್ ಬಳಸಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಬಳಸುವುದಾದರೆ ಡಾಕ್ಟರುಗಳ ಗುಂಪಿಗೆ ಹಾಕಬೇಡಿ, ಒಬ್ಬರಿಂದ ಒಬ್ಬರಿಗೆ ಕಳಿಸಿ. ಸಿಕ್ಕಿತು ಅಂತ ಉತ್ತರ ಬರುವವರೆಗೆ ಕಳಿಸಿದ್ದೇನೆ ಅಂದುಕೊಳ್ಳಬೇಡಿ. ಬಂದದ್ದನ್ನು ಅದೇ ದಿನ ಫೈಲಿಗೆ ಸೇರಿಸಿ ಫೋನಿನಿಂದ ಅಳಿಸಿ. ಘಟ್ಟದ ಅಂಚಿನ ಊರುಗಳಲ್ಲಿ ಜುಲೈನಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಸಾರಾಂಶದ ಕಾಗದದ ಪ್ರತಿ ಒಂದು ರೋಗಿಯ ಕೈಯಲ್ಲಿ ಇರಲೇಬೇಕು.

ಗುಟ್ಟಾಗಿ ಇಡಬೇಕಾದ ವಿಷಯಗಳಿಗೆ ಒಂದು ಮಾತು. ಎಚ್‌ಐವಿ ಸ್ಥಿತಿ, ಮಾನಸಿಕ ಚಿಕಿತ್ಸೆಯಂಥವನ್ನು ಕೌಂಟರಿನಲ್ಲಿ ಎಲ್ಲರಿಗೂ ಕಾಣುವ ಮೊದಲ ಪುಟದಲ್ಲಿ ಬರೆಯಬಾರದು. ಈ ಎರಡಕ್ಕೂ 2017ರ ಪ್ರತ್ಯೇಕ ಕಾಯ್ದೆಗಳ ರಕ್ಷಣೆಯಿದೆ. ಆದರೆ ಆ ಔಷಧಿಗಳನ್ನು ಪಟ್ಟಿಯಿಂದಲೇ ಬಿಟ್ಟುಬಿಡುವುದೂ ಅಪಾಯ, ಬೇರೆ ಮಾತ್ರೆಗಳ ಜೊತೆ ಜಗಳವಾಡುವ ಔಷಧಿ ಅವುಗಳಲ್ಲಿವೆ. ರೋಗಿಯನ್ನು ಒಬ್ಬರನ್ನೇ ಕೂರಿಸಿ, ಯಾವ ಡಾಕ್ಟರಿಗೆ ಹೇಳಬಹುದು ಅಂತ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಅವರಿಗೆ ಮಾತ್ರ ತಿಳಿಸಿ. ಮಗನನ್ನೋ ಗಂಡನನ್ನೋ ಪಕ್ಕದಲ್ಲಿಟ್ಟುಕೊಂಡು ಕೇಳಬೇಡಿ.

ಹಂತ 8: ಎರಡು ಫೈಲು ಎರಡು ಮಾತು ಹೇಳಿದಾಗ

ನಿಮ್ಮದೇ ಸರಿ ಎಂದು ಹಟ ಹಿಡಿಯಬೇಡಿ, ದೊಡ್ಡಾಸ್ಪತ್ರೆಯದ್ದೇ ಸರಿ ಎಂದು ಶರಣಾಗಲೂಬೇಡಿ. ಎರಡನ್ನೂ ದಿನಾಂಕದ ಸಮೇತ ಬರೆದು, ಪಕ್ಕದಲ್ಲಿ ‘ತಾಳೆಯಿಲ್ಲ’ ಎಂದು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಆಮೇಲೆ ರೋಗಿಯ ಶೀಟು ನೋಡಿ, ಆ ವಿಷಯದ ಯಜಮಾನರಿಗೆ ಫೋನ್ ಮಾಡಿ. ಅವರು ಹೇಳಿದ್ದನ್ನು, ಹೇಳಿದ ದಿನವನ್ನು ಬರೆದು ಗುರುತು ತೆಗೆಯಿರಿ. ಹಳೆಯದನ್ನು ವೈಟ್ನರ್ ಹಚ್ಚಿ ಮುಚ್ಚಬೇಡಿ. ಒಂದೇ ಗೆರೆ ಎಳೆದು, ಓದಲು ಬರುವಂತೆ ಉಳಿಸಿ, ಪಕ್ಕದಲ್ಲಿ ಸಹಿ ಮತ್ತು ತಾರೀಕು. ತಿದ್ದಿದ್ದು ಗೊತ್ತಾಗುವ ದಾಖಲೆಯೇ ನಂಬಲು ಯೋಗ್ಯವಾದದ್ದು, ನಾಳೆ ಕೋರ್ಟಿನಲ್ಲೂ.

ತಿದ್ದಿದ ಮೇಲೆ ಉಳಿದ ಕಡೆಗೆ ತಿಳಿಸುವುದು ಮನೆ ಕ್ಲಿನಿಕ್ಕಿನ ಕೆಲಸ. ಪುಟದ ಮೂಲೆಯಲ್ಲಿ ಪ್ರತಿಯ ಸಂಖ್ಯೆ ಹಾಕುತ್ತಾ ಹೋಗಿ: ಪ್ರತಿ 6, 12-08-2025. ರೋಗಿಯ ಕೈಯಲ್ಲಿ ಪ್ರತಿ 4 ಕಂಡರೆ ಹೊಸದು ಕೊಟ್ಟು ಹಳೆಯದನ್ನು ವಾಪಸ್ ಇಸ್ಕೊಳ್ಳಿ. ಕೊಟ್ಟು ಸುಮ್ಮನಾದರೆ ಎರಡೂ ಅದೇ ಕವರಿನಲ್ಲಿ ಒಟ್ಟಿಗೆ ಸಂಸಾರ ಮಾಡುತ್ತವೆ.

ನಮ್ಮ ಕಡೆಯ ಕೆಲವು ವಿಶೇಷ ಸಂದರ್ಭಗಳು

*ಹೆರಿಗೆಗೆ ತವರಿಗೆ ಹೋಗುವವರು.* ಏಳು ತಿಂಗಳು ಬೇಲೂರಿನಲ್ಲಿ ತೋರಿಸಿ, ಹೆರಿಗೆಗೆ ಕಡೂರಿನ ತವರಿಗೆ ಹೋಗುವುದು ಇಲ್ಲಿನ ವಾಡಿಕೆ. ಚಿಕಿತ್ಸೆ ಕೈಬದಲಾಗುವ ದಿನ ಸೀಮಂತದ ಕಾರ್ಡಿನಲ್ಲೇ ಅಚ್ಚಾಗಿರುತ್ತದೆ, ಆದ್ದರಿಂದ ತಯಾರಿಗೆ ನೆಪ ಹೇಳುವಂತಿಲ್ಲ. ತಾಯಿ ಕಾರ್ಡ್ ಪೂರ್ತಿ ತುಂಬಿದೆಯಾ ನೋಡಿ. ಹೆರಿಗೆಯ ಅಂದಾಜು ದಿನ ಮೊದಲ ಮೂರು ತಿಂಗಳ ಸ್ಕ್ಯಾನಿನಿಂದ ಒಮ್ಮೆ ನಿಗದಿಯಾದರೆ ಆಮೇಲಿನ ಸ್ಕ್ಯಾನಿನಲ್ಲಿ ಬೇರೆ ದಿನ ಬಂತೆಂದು ಬದಲಿಸಬಾರದು. ತಡವಾದ ಸ್ಕ್ಯಾನಿನ ಲೆಕ್ಕ ಅಷ್ಟು ನಿಖರವಲ್ಲ. ಕಾರ್ಡಿನಲ್ಲಿ ಒಂದೇ ದಿನ ಇರಲಿ, ಯಾವ ಸ್ಕ್ಯಾನಿನಿಂದ ಎಂದೂ ಇರಲಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಆ್ಯಂಟಿ-ಡಿ ಇಂಜೆಕ್ಷನ್ ಕೊಟ್ಟಾಗಿದೆಯಾ, ಯಾವತ್ತು ಎಂದು ಬರೆಯಿರಿ. ಮಗುವಿನ ಗುಂಪು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೆ ಬೇಕು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ.

*ಡಯಾಲಿಸಿಸ್.* ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗ) ಯಾವ ಕೈಯಲ್ಲಿದೆ ಎಂಬುದು ಅಲರ್ಜಿಯ ಪಕ್ಕದಲ್ಲೇ ಇರಬೇಕು. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ಡ್ರೈ ವೆಯ್ಟ್ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ), ಹೆಪಟೈಟಿಸ್ ಬಿ ಮತ್ತು ಸಿ ಫಲಿತಾಂಶ ದಿನಾಂಕದೊಂದಿಗೆ.

*ನಾಯಿ ಕಡಿತ.* ಮೊದಲ ಇಂಜೆಕ್ಷನ್ ಹಾಸನದಲ್ಲಿ, ಎರಡನೆಯದು ಆಲೂರಿನಲ್ಲಿ ಆಗುತ್ತದೆ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ, ಸ್ನಾಯುವಿಗಾದರೆ ಜೊತೆಗೆ 14ನೇ ದಿನವೂ ಉಂಟು. ಯಾವ ವಿಧಾನ ಎಂದು ಬರೆಯದ ಚೀಟಿಯಿಂದ ಮುಂದಿನ ದಿನ ಲೆಕ್ಕ ಹಾಕಲು ಬರುವುದಿಲ್ಲ.

ಹಂತ 9: ತಿಂಗಳಿಗೊಮ್ಮೆ ಪರೀಕ್ಷೆ

ಎಲ್ಲ ರೋಗಿಗಳಿಗೂ ಒಟ್ಟಿಗೆ ಶುರು ಮಾಡಬೇಡಿ. ರಕ್ತ ತೆಳು ಮಾಡುವ ಔಷಧಿ, ಇನ್ಸುಲಿನ್, ಫಿಟ್ಸ್ ಮಾತ್ರೆ, ಮೆಥೊಟ್ರೆಕ್ಸೇಟ್, ಡಯಾಲಿಸಿಸ್ ಇರುವವರು ಮೊದಲು. ಆಮೇಲೆ ಐದಕ್ಕಿಂತ ಹೆಚ್ಚು ಮಾತ್ರೆ ನುಂಗುವವರು. ಒಂದೇ ಕಡೆ ತೋರಿಸುವ, ಬಿಪಿಗೆ ಒಂದೇ ಮಾತ್ರೆ ಇರುವವರು ಕೊನೆಗಾದರೂ ಸರಿ.

ತಿಂಗಳ ಕೊನೆಯಲ್ಲಿ ಕಣ್ಣುಮುಚ್ಚಿ ಹತ್ತು ಫೈಲು ಎಳೆಯಿರಿ. ಪ್ರತಿಯೊಂದರಲ್ಲೂ ಅಲರ್ಜಿಯ ಜಾಗ ತುಂಬಿದೆಯಾ, ಔಷಧಿ ಪಟ್ಟಿಗೆ ಮೂರು ತಿಂಗಳೊಳಗಿನ ದಿನಾಂಕ ಇದೆಯಾ, ಕೊನೆಯ ಡಿಸ್ಚಾರ್ಜ್ ಸಮ್ಮರಿ ಸಾರಾಂಶಕ್ಕೆ ಇಳಿದಿದೆಯಾ ನೋಡಿ. ಆ ಹತ್ತರಲ್ಲಿ ಇಬ್ಬರಿಗೆ ಫೋನ್ ಮಾಡಿ, ಮನೆಯಲ್ಲಿರುವ ಶೀಟುಗಳ ಹೆಸರು ಓದಿಸಿ, ನಿಮ್ಮ ಪಟ್ಟಿಯ ಜೊತೆ ಹೋಲಿಸಿ. ತಾಳೆ ಆಗದಿದ್ದರೆ ಬರೆದ ನರ್ಸಿನ ಮೇಲೆ ರೇಗುವ ಮೊದಲು ‘ಹೋದವರ ಪುಸ್ತಕ’ದಲ್ಲಿ ಅವರ ಸಾಲು ತೆಗೆದು ನೋಡಿ. ಕೊನೆಯ ಎರಡು ಕಾಲಂ ಖಾಲಿಯಿದ್ದರೆ ತಪ್ಪಿದ್ದು ಹಂತ 6ರಲ್ಲಿ. ತುಂಬಿದ್ದೂ ತಾಳೆ ಆಗದಿದ್ದರೆ ಯಾರೋ ಯಜಮಾನರನ್ನು ಕೇಳದೆ ಬದಲಿಸಿದ್ದಾರೆ. ಅವರಿಗೆ ಆ ಸಂಜೆಯೇ ಒಂದು ಫೋನ್ ಮಾಡಿ.